ಇನ್ನೊಂದು ಕಾಲು ಸುತ್ತು

ಒಂದು ಊರಿತ್ತಂತೆ. ಊರೆಂದ ಮೇಲೆ ಅಲ್ಲಿ ನಲ್ಲಿಗಳಿರಬೇಕು, ನಲ್ಲಿಗಳೆಂದ ಮೇಲೆ ಅವು ಸೋರಬೇಕು, ಸೋರಿದ ಮೇಲೆ ನಿಲ್ಲಿಸುವುದಕ್ಕೆ ಒಬ್ಬ ಬೇಕು. ಆ ಒಬ್ಬನನ್ನು ಬೀದಿಯವರು ನಲ್ಲಿಯಪ್ಪ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮೂವತ್ತು ವರ್ಷ ಕಂಡವರ ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿದವನ ಮುಖವೇ ಜನಕ್ಕೆ ಸರಿಯಾಗಿ ನೆನಪಿರದ ಮೇಲೆ ಹೆಸರು ಎಲ್ಲಿಂದ ನೆನಪಿರಬೇಕು? ಕಥೆಯ ರಾಜಕುಮಾರರಿಗೆ ಒಂದು ವರ, ಒಂದು ಶಾಪ ಇರುವ ಹಾಗೆ ಅವನಿಗೂ ಇದ್ದವು. ಅವನು ಬಿಗಿದ ಜಾಯಿಂಟು ಸೋರುತ್ತಿರಲಿಲ್ಲ, ಅದು ವರ. ಬರಿಗೈಯಲ್ಲಿ ಬಿಗಿದದ್ದು ಯಾವುದೂ ಅವನ ಕಣ್ಣಿಗೆ ಬಿಗಿದ ಹಾಗೆ ಕಾಣುತ್ತಿರಲಿಲ್ಲ, ಅದು ಶಾಪ. ಸ್ಪ್ಯಾನರ್ ತೆಗೆದು ಇನ್ನೊಂದು ಕಾಲು ಸುತ್ತು ತಿರುಗಿಸಿದ ಮೇಲೆಯೇ ಅವನಿಗೆ ಊಟ ರುಚಿಸುತ್ತಿದ್ದುದು.

ಅವನ ಮನೆ ಮೂರನೇ ಮಹಡಿಯಲ್ಲಿತ್ತು. ಮೂರು ಕೋಣೆ, ನಾಲ್ಕು ಜನ. ಹೆಂಡತಿ ಕೆಳಗಿನ ಬೀದಿಯ ಬೇಕರಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಸಂಜೆ ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಬರುತ್ತಿದ್ದುದರಿಂದ ಆ ಮನೆಯಲ್ಲಿ ಬೆಳಗಿನ ತಿಂಡಿ ಯಾವತ್ತೂ ನಿನ್ನೆಯದೇ. ಒಳಗಿನ ಕೋಣೆಯ ಕಿಟಕಿಯ ಹತ್ತಿರ ಅವನ ತಾಯಿಯ ಮಂಚ. ಅಂಗಿಯ ಗುಂಡಿ ತೂರುವ ಸೀಳಿಗೆ ಸುತ್ತಲೂ ದಾರದ ಅಂಚು ಕಟ್ಟುವುದನ್ನು ದರ್ಜಿಗಳು ಕಾಜಾ ಎನ್ನುತ್ತಾರಲ್ಲ, ಆ ಕೆಲಸವನ್ನು ಆಕೆ ಹದಿನಾರನೇ ವಯಸ್ಸಿನಿಂದ ಮಾಡಿಕೊಂಡು ಬಂದಿದ್ದಳು. ಎಪ್ಪತ್ತೆಂಟಾದರೂ ಎರಡು ಬೀದಿಯಾಚೆಯ ದರ್ಜಿ ಒಳ್ಳೆಯ ಕೋಟುಗಳನ್ನು ಗಂಟು ಕಟ್ಟಿ ಅವಳಿಗೇ ಕಳಿಸುತ್ತಿದ್ದ. ಮೆಷಿನ್ನಿನ ಕಾಜಾ ಬಾಯಿ ಬಿಟ್ಟುಕೊಳ್ಳುತ್ತದೆ, ಕಾಜಾ ಅಜ್ಜಿಯದು ಕೋಟು ಹರಿದರೂ ಹರಿಯುವುದಿಲ್ಲ ಎಂದು ಗಿರಾಕಿಗಳಿಗೆ ಅವನು ಹೇಳುವುದನ್ನು ನಲ್ಲಿಯಪ್ಪ ತಾನೇ ಕೇಳಿದ್ದ.

ಅದೇ ಕೋಣೆಯ ಇನ್ನೊಂದು ಗೋಡೆಗೆ ಮಗಳ ಮೇಜು. ಮಗಳು ಮಕ್ಕಳ ಪಾಠಗಳಿಗೆ ಚಲಿಸುವ ಚಿತ್ರ ಮಾಡಿಕೊಡುತ್ತಿದ್ದಳು. ಬೀಜ ಹೇಗೆ ಒಡೆಯುತ್ತದೆ, ಹೃದಯ ಹೇಗೆ ಬಡಿಯುತ್ತದೆ, ಇಂಥವು. ಅವಳು ಬರೆದ ಚಿತ್ರಗಳನ್ನೆಲ್ಲ ಜೋಡಿಸಿ ಓಡಿಸುವುದಕ್ಕೆ ಮೇಜಿನ ಕೆಳಗಿನ ಕಂಪ್ಯೂಟರಿಗೆ ರಾತ್ರಿ ಹೊತ್ತು ತಾಸುಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಅದರೊಳಗಿನ ನಾಲ್ಕು ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದವು. ಅಜ್ಜಿ ಮೊದಮೊದಲು ತಮಾಷೆ ಮಾಡುತ್ತಿದ್ದಳು: ನಿನ್ನ ಪೆಟ್ಟಿಗೆಗೆ ಉಬ್ಬಸ ಕಣೆ, ಯಾರಿಗಾದರೂ ತೋರಿಸು. ಆಮೇಲೆ ತಮಾಷೆ ನಿಂತಿತು, ಸದ್ದು ನಿಲ್ಲಲಿಲ್ಲ. ಮಧ್ಯಾಹ್ನ ಕೋಟನ್ನು ತೊಡೆಯ ಮೇಲಿಟ್ಟುಕೊಂಡೇ ಆಕೆ ತೂಕಡಿಸತೊಡಗಿದಾಗ ಮೊಮ್ಮಗಳಿಗೆ ಮನಸ್ಸು ಕೆಟ್ಟಿತು.

ಒಂದು ದಿನ ಊಟಕ್ಕೆ ಕುಳಿತಾಗ ಅವಳು ವಿಷಯ ತೆಗೆದಳು. ಕಂಪ್ಯೂಟರಿನ ಬಿಸಿಯನ್ನು ಗಾಳಿಯ ಬದಲು ನೀರಿನಿಂದ ತೆಗೆಯಬಹುದು, ಸದ್ದೇ ಇರುವುದಿಲ್ಲ, ಅಜ್ಜಿ ನಿದ್ದೆ ಮಾಡಬಹುದು. ಪಂಪು, ಪೈಪು ಎಲ್ಲ ಒಂದೊಂದಾಗಿ ಕೂಡಿಸಿಟ್ಟಿದ್ದಾಳೆ. ಇನ್ನು ವಾಟರ್ ಬ್ಲಾಕ್ ಒಂದು ಬರಬೇಕು. ಕಂಪ್ಯೂಟರಿನೊಳಗೆ ಬಿಸಿಯಾಗುವ ಚಿಪ್‌ನ ನೆತ್ತಿಯ ಮೇಲೆ ಕೂರುವ ತಾಮ್ರದ ಬಿಲ್ಲೆ ಅದು. ಅದರ ಮೇಲಿನ ಮುಚ್ಚಳದಲ್ಲಿ ಎರಡು ತೂತು, ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ.

ನಲ್ಲಿಯಪ್ಪ ತುತ್ತನ್ನು ಅಲ್ಲೇ ನಿಲ್ಲಿಸಿದ. "ಕರೆಂಟಿರೋ ಪೆಟ್ಟಿಗೆಯೊಳಗೆ ನೀರು ಬಿಡ್ತೀಯಾ? ಇಷ್ಟು ವರ್ಷ ಅವೆರಡನ್ನೂ ದೂರ ಇಟ್ಟೇ ಅನ್ನ ತಿಂದಿದೀನಿ ಕಣೆ ನಾನು."

"ದೂರಾನೇ ಇರತ್ತಪ್ಪ. ನೀರು ಪೈಪಿನೊಳಗೇ ಸುತ್ತತ್ತೆ."

"ಜಾಯಿಂಟು ಸೋರಿದ್ರೆ?"

"ನಲ್ಲಿಯಪ್ಪನ ಮಗಳ ಜಾಯಿಂಟು ಸೋರತ್ತಾ?" ಅವಳು ಅಪ್ಪನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. "ನಾವಿಬ್ಬರೂ ಕೂತ್ಕೊಂಡು ಜೋಡಿಸೋಣ. ಆದ್ರೆ ಒಂದು ಮಾತು, ನಿನ್ನ ಸ್ಪ್ಯಾನರಿಗೆ ಕರೆ ಇಲ್ಲ. ಇದಕ್ಕೆ ಬೆರಳಲ್ಲಿ ತಿರುಗಿಸಿದ್ರೆ ಸಾಕು, ರಬ್ಬರ್ ರಿಂಗೇ ನೀರು ತಡೆಯತ್ತೆ."

ಎಲ್ಲರೂ ನಕ್ಕರು, ಅವನೂ ನಕ್ಕ. ಬೆರಳಲ್ಲಿ ತಿರುಗಿಸಿದ ಜಾಯಿಂಟು ಎಂಬ ಮಾತು ಮಾತ್ರ ಮೊಟ್ಟೆಯ ಜೊತೆ ಒಳಗಿಳಿಯಲಿಲ್ಲ.

ವಾಟರ್ ಬ್ಲಾಕಿನ ಪೆಟ್ಟಿಗೆ ಬಂದದ್ದು ಗುರುವಾರ ಬೆಳಿಗ್ಗೆ. ಮಗಳು ಆ ವಾರ ಚಿತ್ರ ಒಪ್ಪಿಸಲು ಆಫೀಸಿಗೆ ಹೋಗಿಬರುತ್ತಿದ್ದಳು, ಹೆಂಡತಿ ಬೇಕರಿಯಲ್ಲಿದ್ದಳು, ಬಾಗಿಲಲ್ಲಿ ಇಸಿದುಕೊಂಡವಳು ಅಜ್ಜಿ. ಮಧ್ಯಾಹ್ನ ಊಟಕ್ಕೆ ಬಂದ ನಲ್ಲಿಯಪ್ಪನಿಗೆ ಅದು ಮಗಳ ಮೇಜಿನ ಮೇಲೆ ಕಂಡಿತು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಭಾನುವಾರ ಎಲ್ಲರೂ ಸೇರಿ ತೆರೆಯುವುದೆಂದು, ಅಜ್ಜಿಯ ನಿದ್ದೆಗಾಗಿ ಬಂದ ವಸ್ತುವಾದ್ದರಿಂದ ಮೇಲಿನ ಟೇಪನ್ನು ಅಜ್ಜಿಯೇ ಕತ್ತರಿಸಬೇಕೆಂದು ಮಗಳು ಹೇಳಿಟ್ಟಿದ್ದಳು. ಅವನಿಗೆ ಅದೆಲ್ಲ ಗೊತ್ತಿತ್ತು. ಆದರೂ ನೀರಿನ ಸಾಮಾನೊಂದು ತನ್ನ ಮನೆಗೆ ಬಂದು, ತಾನಿನ್ನೂ ಅದನ್ನು ಕೈಯಲ್ಲಿ ಹಿಡಿದಿಲ್ಲವೆಂದರೆ ಹೇಗೆ? ಸುಮ್ಮನೆ ನೋಡಿ ಮುಚ್ಚಿಟ್ಟರಾಯಿತು ಎಂದುಕೊಂಡು ಬ್ಲೇಡಿನಿಂದ ಟೇಪನ್ನು ನವಿರಾಗಿ ಸೀಳಿದ.

ಕಪ್ಪು ಪೆಟ್ಟಿಗೆಯೊಳಗೆ ಕಪ್ಪು ಸ್ಪಂಜು. ಸ್ಪಂಜಿನ ಗುಳಿಯಲ್ಲಿ ಅಂಗೈಯಗಲದ ಬಿಲ್ಲೆ. ಅವನು ಜೀವನದಲ್ಲಿ ಹಿತ್ತಾಳೆ, ಸತು, ಪ್ಲಾಸ್ಟಿಕ್ಕು, ತುಕ್ಕು ಎಲ್ಲ ಮುಟ್ಟಿದ್ದ, ಇಂಥದ್ದನ್ನು ಮುಟ್ಟಿರಲಿಲ್ಲ. ತಳದ ತಾಮ್ರ ಕನ್ನಡಿಯಂತಿತ್ತು, ಗೀರು ಬೀಳದಿರಲೆಂದು ಅದರ ಮೇಲೊಂದು ತೆಳು ಹಾಳೆ ಅಂಟಿಸಿದ್ದರು. ಮೇಲಿನ ಮುಚ್ಚಳ ಗಾಜಿನಷ್ಟು ತಿಳಿ. ಅದರ ಮೂಲಕ ಇಣುಕಿದರೆ ತಾಮ್ರವನ್ನು ಬಾಚಣಿಗೆಯ ಹಲ್ಲಿಗಿಂತ ಸಣ್ಣಗೆ ಸೀಳಿಟ್ಟಿದ್ದು ಕಾಣುತ್ತಿತ್ತು. ಬಿಸಿ ಆ ಸೀಳುಗಳಿಗೆ ಹತ್ತಬೇಕು, ನೀರು ಅದನ್ನು ತೊಳೆದುಕೊಂಡು ಹೋಗಬೇಕು. ಎಂಥ ಕೈಯಪ್ಪ ಇದು, ಎಂದು ಮಾಡಿದವನನ್ನು ಮನಸ್ಸಿನಲ್ಲೇ ಹೊಗಳಿದ. ಬದಿಯ ಚೀಲದಲ್ಲಿ ಸ್ಕ್ರೂಗಳು, ಬಿಲ್ಲೆಯನ್ನು ಹಿಡಿದು ಕೂರಿಸುವ ಪಟ್ಟಿಗಳು, ಮಗುವಿನ ಹಲ್ಲುಜ್ಜಲು ಸಾಲುವಷ್ಟು ಬೂದುಬಣ್ಣದ ಪೇಸ್ಟು, ಮತ್ತೆ ಎರಡು ಪುಟ್ಟ ಜಾಯಿಂಟು.

ಒಂದನ್ನು ಕೂರಿಸಿ ನೋಡುವುದರಲ್ಲಿ ಏನು ತಪ್ಪು? ನೀರು ಸೋರದಂತೆ ಸುತ್ತಲು ಜೇಬಿನಲ್ಲಿ ಯಾವಾಗಲೂ ಇರುವ ಟೆಫ್ಲಾನ್ ಟೇಪಿನ ಸುರುಳಿ ಅದಾಗಿಯೇ ಕೈಗೆ ಬಂತು. ಜಾಯಿಂಟಿನ ತಿರುಪುಗೀರುಗಳಿಗೆ ಆ ಬಿಳಿ ಟೇಪನ್ನು ಮೂರು ಸುತ್ತು ಸುತ್ತಿ, ಬೆರಳಲ್ಲಿ ತಿರುಗಿಸಿ ಕೂರಿಸಿದ. ಕೂತಿತು. ಆದರೆ ಆ ಕೂರುವಿಕೆ ಅವನಿಗೆ ನಂಬಿಕೆ ತರಲಿಲ್ಲ. ನಾಳೆ ಇದು ಸೋರಿದರೆ, ಮಗಳ ಕೆಲಸವೆಲ್ಲ ಸುಟ್ಟರೆ? ಸೊಂಟದ ಸ್ಪ್ಯಾನರ್ ತೆಗೆದ. ಒಂದೇ ಒಂದು ಕಾಲು ಸುತ್ತು.

ಟಿಕ್ ಎಂದಿತು. ಉಗುರು ಕತ್ತರಿಸಿದಷ್ಟೇ ಸದ್ದು. ತೂತಿನ ಅಂಚಿನಿಂದ ಹೊರಟ ಬಿರುಕು ಮುಚ್ಚಳದ ಮೂಲೆಯವರೆಗೆ ಕೂದಲೆಳೆಯ ಹಾಗೆ ಹೋಗಿ ನಿಂತಿತು.

ಅವನು ಜಾಯಿಂಟು ಬಿಚ್ಚಿದ, ಬಿಳಿ ಟೇಪು ಕಿತ್ತ, ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟ. ಪೆಟ್ಟಿಗೆಯ ಮೇಲೆ ಹೊಸ ಟೇಪು ಹಚ್ಚಿ ಹಳೆಯ ಟೇಪಿನ ಗುರುತಿನ ಮೇಲೆಯೇ ಸರಿಯಾಗಿ ಕೂರಿಸಿದ. ಮೂವತ್ತು ವರ್ಷದ ಕೈಚಳಕ ಅಲ್ಲಿ ಕೈಕೊಡಲಿಲ್ಲ. ಊಟ ಮಾಡದೆ ಕೆಲಸಕ್ಕೆ ಹೋದ.

ಭಾನುವಾರ ಅಜ್ಜಿ ತನ್ನ ದಾರದ ಕತ್ತರಿಯಿಂದ ಟೇಪು ಕತ್ತರಿಸಿದಳು. ಮಗಳು ಸ್ಪಂಜಿನಿಂದ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ, ನೋಡಜ್ಜಿ, ಇದೇ ನಿನ್ನ ನಿದ್ದೆ ಮಾತ್ರೆ ಎಂದು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು. ಅಂಗಡಿಯವನು ಒಡೆದದ್ದನ್ನೇ ಕಳಿಸಿದ್ದಾನೆಂದು ಅವಳು ಸಿಟ್ಟಿನಿಂದ ಫೋನು ತೆಗೆದಾಗ ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಫೋನಿಡು ಮರಿ. ಸುಮ್ನೆ ಇನ್ನೊಬ್ಬರ ಮೇಲೆ ಹಾಕಬೇಡ. ಅವತ್ತು ಬಾಗಿಲಲ್ಲಿ ಇಸ್ಕೊಳ್ಳುವಾಗ ನನ್ನ ಕೈಯಿಂದ ಜಾರಿತ್ತು. ಕುರ್ಚಿ ಮೇಲೆ ಬಿತ್ತು. ದಿಂಬಿತ್ತಲ್ಲ, ಏನೂ ಆಗಿರಲ್ಲ ಅಂದ್ಕೊಂಡೆ."

ಮಗಳು ಫೋನನ್ನು ಮೇಜಿನ ಮೇಲಿಟ್ಟು ಪರವಾಗಿಲ್ಲ ಬಿಡಜ್ಜಿ ಎಂದಳು, ಮತ್ತೊಮ್ಮೆ ಪರವಾಗಿಲ್ಲ ಎಂದಳು. ಆ ಗಳಿಗೆಯಲ್ಲಿ ನಲ್ಲಿಯಪ್ಪ ಬಾಯಿ ಬಿಟ್ಟಿದ್ದರೆ ನಾಲ್ಕು ಬೈಗುಳ, ಒಂದು ನಗೆಯಲ್ಲಿ ಮುಗಿದುಹೋಗುತ್ತಿತ್ತು. ಬಾಯಿಯನ್ನೇನೋ ಅವನು ಬಿಟ್ಟ.

"ಟೀ ಆರಿಹೋಯ್ತು," ಎಂದ.

ಮುಚ್ಚಳ ಮಾತ್ರ ಬೇರೆ ಸಿಗುತ್ತದೆ, ತಿಂಗಳಾಗಬಹುದು ಎಂದು ಅಂಗಡಿಯವರು ಹೇಳಿದರು. ಒಡೆದ ಬಿಲ್ಲೆ ಕಪಾಟಿನ ಮೇಲೆ ಕುಳಿತಿತು, ಫ್ಯಾನುಗಳು ಮತ್ತೆ ಗುಂಯ್ಗುಟ್ಟಿದವು. ಈಗ ಅಜ್ಜಿ ಆ ಸದ್ದಿನ ಬಗ್ಗೆ ಚಕಾರವೆತ್ತುತ್ತಿರಲಿಲ್ಲ. ತಾನೇ ಮಾಡಿಕೊಂಡದ್ದು ಎಂಬ ಹಾಗೆ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು.

ಮೊದಲ ವಾರ ಅವಳು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದಳು. ಕೆಟಲನ್ನು ನೀನೇ ಇಳಿಸಮ್ಮ ಎಂದು ಸೊಸೆಗೆ ಹೇಳಿದಳು. ಸೊಸೆ ಒಳ್ಳೆಯ ಮನಸ್ಸಿನಿಂದಲೇ ಅತ್ತೆಯ ಗಾಜಿನ ಲೋಟ ತೆಗೆದಿಟ್ಟು ಪ್ಲಾಸ್ಟಿಕ್ಕಿನದು ಕೊಟ್ಟಳು, ತರಕಾರಿ ಹೆಚ್ಚುವ ಚಾಕುವನ್ನು ಮೇಲಿನ ಗೂಡಿಗೆ ಏರಿಸಿದಳು. ಎರಡನೇ ವಾರ ಅಜ್ಜಿ ಹುರಿದ ಆಲೂಗಡ್ಡೆಗೆ ಎರಡು ಸಲ ಉಪ್ಪು ಹಾಕಿದಳು. ಬೇರೆ ದಿನವಾಗಿದ್ದರೆ ಇದು ಸಮುದ್ರದಲ್ಲಿ ಬೆಳೆದ ಆಲೂಗಡ್ಡೆ ಎಂದು ಮೊಮ್ಮಗಳು ಗೇಲಿ ಮಾಡಿ, ಅಜ್ಜಿ ಅವಳ ಕಿವಿ ಹಿಂಡಿ, ಅಲ್ಲಿಗೆ ಮುಗಿಯುತ್ತಿತ್ತು. ಈಗ ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎಂದು ನೀರು ಕುಡಿದು ಕುಡಿದು ತಿಂದರು. ಅವಳು ತನ್ನ ತಟ್ಟೆಯದನ್ನು ಒಂದು ಚೂರು ಬಾಯಿಗೆ ಹಾಕಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ನಲ್ಲಿಯಪ್ಪನಿಗೆ ತಾಯಿಯ ಮೇಲೆ ಇದ್ದಕ್ಕಿದ್ದಂತೆ ಕಾಳಜಿ ಉಕ್ಕಿತು. ಕೆಲಸದಿಂದ ಬರುವಾಗ ಅವಳಿಗೆಂದು ಹಣ್ಣು ತಂದ, ಕಾಲಿಗೆ ಮೆತ್ತನೆಯ ಚಪ್ಪಲಿ ತಂದ. ಒಂದು ಸಂಜೆ ಬಚ್ಚಲುಮನೆಯ ಗೋಡೆಗೆ ಕೊರೆದು, ಹಿಡಿದುಕೊಂಡು ಏಳಲು ಸ್ಟೀಲಿನ ಹಿಡಿಕೆಯೊಂದನ್ನು ಕೂರಿಸಿದ. ಅಲುಗಾಡಿಸಿ ನೋಡಿ, ಇನ್ನೊಂದು ಕಾಲು ಸುತ್ತು ಬಿಗಿದು, ಅಮ್ಮನನ್ನು ಕರೆದು ತೋರಿಸಿದ. ಅವಳು ಹಿಡಿಕೆಯನ್ನು ಮುಟ್ಟಲಿಲ್ಲ.

"ಅಷ್ಟೊಂದು ಆಗಿದೆಯೇನೋ ನನಗೆ?" ಎಂದು ಕೇಳಿದಳು.

ಇರಲಿ ಅಂತ, ಎಂದ. ಅವಳು ಹೌದು ಬಿಡು, ಇರಲಿ ಎಂದು ಒಳಗೆ ಹೋದಳು. ಆ ಹಿಡಿಕೆಯ ಮೇಲೆ ಅವನಿಗೇ ಕೋಪ ಬಂತು.

ಮೂರನೇ ವಾರ ಅಜ್ಜಿ ಒಂದು ಬೂದುಬಣ್ಣದ ಕೋಟಿನ ಕಾಜಾವನ್ನು ಹಾಕಿ ಬಿಚ್ಚಿದಳು, ಮತ್ತೆ ಹಾಕಿ ಮತ್ತೆ ಬಿಚ್ಚಿದಳು. ಅಳತೆ ಸರಿಯಾಗಿಯೇ ಇದೆ ಎಂದು ಮೊಮ್ಮಗಳು ಹೇಳಿದರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಉಳಿದ ಕೋಟುಗಳನ್ನೆಲ್ಲ ಮಡಿಸಿ, ಗಂಟು ಕಟ್ಟಿ, ಇದನ್ನು ಎತ್ತಿಕೊಂಡು ನನ್ನ ಜೊತೆ ದರ್ಜಿ ಅಂಗಡಿಗೆ ಬಾ ಎಂದು ಮಗನನ್ನು ಕರೆದಳು. ಅವಳು ಅಂಗಡಿಯ ಕಟ್ಟೆಗೆ ಕೈಯೂರಿ ನಿಂತು ದರ್ಜಿಗೆ ಹೇಳಿದ್ದು ಇಷ್ಟು:

"ತಗೋಳಪ್ಪ ನಿನ್ನ ಬಟ್ಟೆ. ಕೈ ಬಿದ್ದುಹೋಯ್ತು ನನ್ನದು. ಮೊಮ್ಮಗಳ ಹೊಸ ಸಾಮಾನನ್ನೇ ಬೀಳಿಸಿ ಒಡೆದು ಹಾಕಿದೀನಿ. ನಿನ್ನ ಗಿರಾಕಿಗಳ ಕೋಟು ಕೆಡಿಸೋಕೆ ಮುಂಚೆ ನಾನೇ ತಂದು ಕೊಡ್ತಿದೀನಿ."

ದರ್ಜಿ ಗಂಟು ಹೊತ್ತು ನಿಂತಿದ್ದವನ ಕಡೆ ನೋಡಿ, ವಯಸ್ಸಾಗತ್ತಲ್ಲ, ಏನು ಮಾಡೋದು, ಅಲ್ವಾ ಎಂದ.

"ಹೌದು," ಎಂದ ನಲ್ಲಿಯಪ್ಪ.

ಗಂಟು ಇಳಿಸಿ ಬರುವಾಗ ಅಮ್ಮನ ಖಾಲಿ ಕೈಗಳು ಸೀರೆಯ ಸೆರಗಿನ ಅಂಚನ್ನು ಬೆರಳಿನಿಂದ ಬೆರಳಿಗೆ ದಾಟಿಸುತ್ತಿದ್ದವು. ಅವನು ನೆಲ ನೋಡಿಕೊಂಡು ನಡೆದ.

ಆ ಭಾನುವಾರ ಹೆಂಡತಿ ಕಪಾಟಿನ ಧೂಳು ಒರೆಸುವಾಗ ಒಡೆದ ಬಿಲ್ಲೆಯನ್ನು ಕೈಗೆತ್ತಿಕೊಂಡಳು. ಎಷ್ಟು ಚೆನ್ನಾಗಿತ್ತು ಎಂದು ತಿರುಗಿಸಿ ನೋಡುತ್ತಿದ್ದವಳಿಗೆ ಬಿರುಕು ಬಿಟ್ಟ ತೂತಿನ ತಿರುಪುಗೀರುಗಳೊಳಗೆ ಏನೋ ಬೆಳ್ಳಗೆ ಕಂಡಿತು. ತಲೆಯ ಪಿನ್ನಿನಿಂದ ಎಳೆದು ತೆಗೆದಳು. ಅದನ್ನು ಅಂಗೈಯಲ್ಲಿಟ್ಟುಕೊಂಡು, ಒಗೆದ ಬಟ್ಟೆ ಮಡಿಸುತ್ತಿದ್ದ ಗಂಡನ ಮುಂದೆ ಬಂದು ನಿಂತಳು.

"ಇದೇನ್ರೀ?"

"ದಾರ ಇರಬೇಕು. ಅಮ್ಮಂದು."

"ಇಪ್ಪತ್ತಾರು ವರ್ಷದಿಂದ ನಿಮ್ಮ ಜೇಬಿಂದ ಇದನ್ನ ಹೆಕ್ಕಿ ತೆಗೆದೇ ಪ್ಯಾಂಟು ಒಗೀತಿದೀನಿ. ದಾರ ಯಾವುದು, ಟೇಪು ಯಾವುದು ಅಂತ ನನಗೆ ಹೇಳಿಕೊಡಬೇಡಿ."

ಅವನು ಮಡಿಸಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದ.

"ಯಾವಾಗ?"

"ಅದು ಬಂದ ದಿನಾನೇ. ಮಧ್ಯಾಹ್ನ."

"ಸ್ಪ್ಯಾನರ್ ಹಾಕಿದ್ರಾ?"

"ಕಾಲು ಸುತ್ತು. ಅಷ್ಟೇ."

ಅವಳು ಬಟ್ಟೆಯ ರಾಶಿಯ ಮೇಲೆಯೇ ಕುಸಿದು ಕುಳಿತಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ.

"ಅತ್ತೆಗೆ ಪ್ಲಾಸ್ಟಿಕ್ ಲೋಟ ಕೊಟ್ಟೋಳು ನಾನು ಕಣ್ರೀ," ಎಂದಳು. "ಚಾಕು ಎತ್ತಿಟ್ಟೋಳು ನಾನು. ಅವರು ಒಂದು ಮಾತೂ ಆಡದೆ ಅದರಲ್ಲೇ ಕುಡಿದ್ರು."

ಇವತ್ತೇ ಹೇಳುತ್ತೇನೆ, ನೀನೇ ಹೇಳಿದರೂ ಆಯಿತು ಎಂದು ಅವನು ತಡವರಿಸಿದ. ಅವಳು ತಲೆಯಾಡಿಸಿದಳು. ನಾನು ಹೇಳುವುದಿಲ್ಲ, ಇದು ನಿಮ್ಮ ಬಾಯಿಂದಲೇ ಬರಬೇಕು ಎಂದಳು. ಅಲ್ಲಿಗೂ ಬಿಡಲಿಲ್ಲ. "ಯಾರ್ಯಾರ ಕಿವಿಗೆ ಅತ್ತೆ ಒಡೆದರು ಅಂತ ಬಿದ್ದಿದೆಯೋ ಅಷ್ಟೂ ಕಿವಿಗೆ ನೀವು ಒಡೆದಿದ್ದು ಅಂತ ಬೀಳಬೇಕು. ಬರೋ ಭಾನುವಾರ ಮುಗಿಯೋದ್ರೊಳಗೆ. ಮಾತು ಕೊಡಿ."

ಕೊಟ್ಟ. ಕೊಟ್ಟ ಮೇಲೆ ಮನಸ್ಸಿನಲ್ಲೇ ಕಿವಿಗಳನ್ನು ಲೆಕ್ಕ ಹಾಕಿದ. ಅಮ್ಮ, ಮಗಳು, ದರ್ಜಿ. ಮೂರೇ ಜನ.

ಆದರೆ ಆ ಮೂರು ಜನ ಮೂರು ಬೆಟ್ಟವಾದರು. ಸೋಮವಾರ ಮಗಳಿಗೆ ಕೆಲಸದ ಗಡಿಬಿಡಿ ಎಂದು ನೆಪ ಸಿಕ್ಕಿತು. ಮಂಗಳವಾರ ಅಮ್ಮನಿಗೆ ತಲೆನೋವು. ಊಟದ ಹೊತ್ತಿಗೆ ಹೆಂಡತಿ ಅವನ ತಟ್ಟೆಗೆ ಬಡಿಸುವಾಗ ಸೌಟನ್ನು ಸ್ವಲ್ಪ ಜೋರಾಗಿಯೇ ಕುಟ್ಟುತ್ತಿದ್ದಳು. ಬುಧವಾರ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅಮ್ಮನ ಮಂಚದ ಅಂಚಿನಲ್ಲಿ ಕುಳಿತ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ತೊಡೆಯ ಮೇಲೆ ಕೋಟಿಲ್ಲದ ಅಮ್ಮನನ್ನು ನೋಡಿ ಅವನಿಗೆ ಅಭ್ಯಾಸವಿರಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟ. ಪೆಟ್ಟಿಗೆ ತೆರೆದೆ, ಸ್ಪ್ಯಾನರ್ ಹಾಕಿದೆ, ಒಡೆದದ್ದು ನಾನು, ನಿನ್ನ ಕೈ ಅಲ್ಲ.

ಅವಳು ತಿರುಗಿ ಅವನ ಮುಖ ನೋಡಿದಳು. ಆಮೇಲೆ ನಕ್ಕು ಅವನ ಕೆನ್ನೆ ತಟ್ಟಿದಳು.

"ನಿನಗೆ ಚಿಕ್ಕಂದಿನಿಂದ ಇದೇ ಚಾಳಿ ಕಣೋ. ನಿಮ್ಮಪ್ಪನ ಕನ್ನಡಕ ನಾನು ತುಳಿದು ಒಡೆದಾಗ, ನಾನೇ ತುಳಿದೆ ಅಂತ ಹೋಗಿ ಏಟು ತಿಂದೋನು ನೀನು. ಏಳು ವರ್ಷ ಇರಬೇಕು ಆಗ ನಿನಗೆ. ಈಗ್ಲೂ ಅದನ್ನೇ ಮಾಡ್ತಿದೀಯ."

ಇಲ್ಲಮ್ಮ, ಇದು ನಿಜ ಎಂದ. ಆಣೆ ಮಾಡುತ್ತೇನೆ ಎಂದ. ಅವನು ಒತ್ತಿ ಹೇಳಿದಷ್ಟೂ ಅವಳು ಮೆತ್ತಗಾದಳು. "ಸಾಕು ಬಿಡು. ಮುದುಕಿಗೆ ಸಮಾಧಾನ ಮಾಡೋಕೆ ಬಂದಿದೀಯ, ಅಷ್ಟು ಸಾಕು. ನೀನು ಒಡೆದಿದ್ರೆ ಅವತ್ತೇ ಹೇಳ್ತಿರ್ಲಿಲ್ವಾ? ನನ್ನ ಮಗ ನನಗೆ ಗೊತ್ತಿಲ್ವಾ?"

ಏಳು ವರ್ಷದ ಹುಡುಗನನ್ನು ಅಲ್ಲೇ ಮಂಚದ ಮೇಲೆ ಬಿಟ್ಟು ಐವತ್ತನಾಲ್ಕರವನು ಎದ್ದು ಹೋದ.

ಭಾನುವಾರ ಬೆಳಿಗ್ಗೆ ಮಗಳು ಮೇಜಿನ ಮುಂದೆ ನಿನ್ನೆಯ ಬ್ರೆಡ್ಡನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದಳು. ನಲ್ಲಿಯಪ್ಪ ಬಾಗಿಲಲ್ಲಿ ನಿಂತು ಆ ಒಡೆದ ಮುಚ್ಚಳ ನನಗೆ ಬೇಕಿತ್ತು ಎಂದ. ಯಾಕೆಂದು ಅವಳು ಕೇಳಿದಳು. ಹೇಳಿದ. ಬ್ರೆಡ್ಡಿನ ತುಂಡು ಟೀಯೊಳಗೆ ಕರಗಿ ಬಿತ್ತು, ಅವಳು ಅದನ್ನು ನೋಡಲಿಲ್ಲ.

"ಮುಚ್ಚಳ ಹೋಗಲಿ ಅಪ್ಪ," ಎಂದಳು ಕೊನೆಗೆ. "ನಾನು ಅಜ್ಜಿಗೆ ಪರವಾಗಿಲ್ಲ ಬಿಡು ಅಂದೆ. ಒಂದಲ್ಲ, ಹತ್ತು ಸಲ ಅಂದೆ. ನೀನು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆ."

"ಹ್ಞೂಂ."

"ಏನಾದ್ರೂ ತಪ್ಪು ಮಾಡಿದೋರಿಗೆ ಹೇಳೋ ಮಾತಲ್ವಾ ಅದು?"

ಅವನು ತಲೆ ತಗ್ಗಿಸಿದ. ಅವಳು ಕಪಾಟಿನ ಹತ್ತಿರ ಹೋಗಿ, ಸಣ್ಣ ಸ್ಕ್ರೂಗಳನ್ನು ಬಿಚ್ಚಿ ತಾಮ್ರದ ತಳವನ್ನು ಬೇರೆ ಮಾಡಿ, ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಳು. ಬರೀ ಮುಚ್ಚಳವನ್ನೂ ಒಂದು ಜಾಯಿಂಟನ್ನೂ ಅವನ ಅಂಗೈಗೆ ಹಾಕಿದಳು. ಹೊಸದು ಬಂದ ದಿನ ನಿನ್ನ ಕೈ ಎರಡನ್ನೂ ಹಿಂದಕ್ಕೆ ಕಟ್ಟಿ ಕೂರಿಸ್ತೀನಿ ಎಂದಳು. ಅದರಲ್ಲಿ ಅರ್ಧ ತಮಾಷೆಯಿತ್ತು, ಇನ್ನರ್ಧ ಇರಲಿಲ್ಲ.

ಮಧ್ಯಾಹ್ನದ ಊಟವಾಯಿತು. ತಟ್ಟೆಗಳು ಇನ್ನೂ ಎದ್ದಿರಲಿಲ್ಲ. ನಲ್ಲಿಯಪ್ಪ ಅಮ್ಮನ ಎದುರು ಜಾಗ ಮಾಡಿಕೊಂಡು ಮುಚ್ಚಳವನ್ನು ಮೇಜಿನ ಮೇಲಿಟ್ಟ. ಒಂದು ತೂತಿನಿಂದ ಬಿರುಕು ಹೊರಟಿತ್ತು. ಇನ್ನೊಂದು ತೂತಿನ ಸುತ್ತ ತಿಳಿಯಾಗಿತ್ತು. ಅವನು ಜೇಬಿನಿಂದ ಬಿಳಿ ಟೇಪು ತೆಗೆದ. ಜಾಯಿಂಟಿಗೆ ಮೂರು ಸುತ್ತು ಸುತ್ತಿದ. ತಿಳಿಯಾಗಿದ್ದ ತೂತಿಗೆ ಕೂರಿಸಿ ಬೆರಳಲ್ಲಿ ತಿರುಗಿಸಿದ.

"ಇಲ್ಲಿಗೆ ನಿಲ್ಲಿಸಬೇಕಿತ್ತಮ್ಮ," ಎಂದ. "ನಿಲ್ಲಿಸಲಿಲ್ಲ."

ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದ. ಟಿಕ್.

ಅಜ್ಜಿ ಕೈ ಚಾಚಿ ಮುಚ್ಚಳ ಎಳೆದುಕೊಂಡಳು. ಕನ್ನಡಕ ಏರಿಸಿ, ಬೆಳಕಿಗೆ ಓರೆಯಾಗಿ ಹಿಡಿದು, ಹಳೆಯ ಬಿರುಕಿನ ಮೇಲೆ ಹೆಬ್ಬೆರಳಿನ ಉಗುರು ಎಳೆದಳು, ಆಮೇಲೆ ಹೊಸದರ ಮೇಲೆ. ತೂತಿನ ಅಂಚಿನ ಅದೇ ಕಡೆ ಹುಟ್ಟಿ, ಅದೇ ಓರೆಯಲ್ಲಿ ಬಾಗಿ, ಎರಡೂ ಮೂಲೆ ಸೇರಿದ್ದವು. ಅರವತ್ತು ವರ್ಷ ಬೇರೆಬೇರೆಯವರ ಹೊಲಿಗೆ ಬಿಚ್ಚಿ ನೋಡಿದ ಕಣ್ಣು ಅದು.

"ಒಂದೇ ಕೈ ಕೆಲಸ," ಎಂದಳು.

ಆಮೇಲೆ ಕೈಗಳನ್ನು ಮೇಜಿನ ಮೇಲೆ ಬೋರಲಾಗಿಟ್ಟು, ಮಗುಚಿ, ಮತ್ತೆ ಬೋರಲಾಗಿಟ್ಟಳು.

"ಆಲೂಗಡ್ಡೆಗೆ ಎರಡು ಸಲ ಉಪ್ಪು ಹಾಕಿದ್ದು?" ಎಂದು ಅಜ್ಜಿ ಕೇಳಿದಳು.

ಇನ್ನೊಂದು ಸುಳ್ಳು ಹೇಳುವುದು ಅವನಿಗೆ ಸುಲಭವಿತ್ತು. "ಅದು ನೀನೇ ಅಮ್ಮ."

"ಸರಿ. ಅದು ನನಗಿರಲಿ." ಅವಳು ಮುಚ್ಚಳವನ್ನು ಅವನ ಕಡೆ ತಳ್ಳಿದಳು. "ಇದು ನಿನಗೆ. ಒಡೆದಿದ್ದಕ್ಕೆ ನನಗೇನೂ ಇಲ್ಲ ಕಣೋ. ಒಡೆಯತ್ತೆ. ಎಂಥೆಂಥ ಬಟ್ಟೆ ನಾನೂ ಕತ್ತರಿ ತಪ್ಪಿ ಕೆಡಿಸಿದೀನಿ. ಆದ್ರೆ ದರ್ಜಿ ಅಂಗಡೀಲಿ ನಾನು ಕೈ ಬಿದ್ದುಹೋಯ್ತು ಅಂದಾಗ ನೀನು ಗಂಟು ಹೊತ್ಕೊಂಡು ನಿಂತು ಹೌದು ಅಂದೆ. ಆ ಹೌದು ನನಗೆ ಕೇಳಿಸ್ತು."

ಅವನು ಎದ್ದ. ಹೆಂಡತಿ ಅವನ ತಟ್ಟೆಯನ್ನು ತಾನೇ ಎತ್ತಿಕೊಂಡಳು.

ದರ್ಜಿಯ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಹೋದ. ದರ್ಜಿ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು, ಎದೆಯಳತೆ ಕೊಡಲು ಕೈ ಎತ್ತಿ ನಿಂತಿದ್ದ ದಪ್ಪನೆಯ ಗಿರಾಕಿಯೊಬ್ಬನ ಸುತ್ತ ತಿರುಗುತ್ತಿದ್ದ. ಬೆಂಚಿನ ಮೇಲೆ ಇನ್ನಿಬ್ಬರು ಕಾಯುತ್ತ ಕುಳಿತಿದ್ದರು. ಮೂಲೆಯಲ್ಲಿ ಆ ಗಂಟು ಹಾಗೆಯೇ ಇತ್ತು. ಅದರ ಕಟ್ಟು ಸಹ ಬಿಚ್ಚಿರಲಿಲ್ಲ. ಇಷ್ಟು ಜನರ ಮುಂದೆ ಬೇಡ, ಆಮೇಲೆ ಬಂದರಾಯಿತು ಎಂದು ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಅದನ್ನು ಅವನೇ ಮುಂದಕ್ಕೆ ತಂದ.

"ಅಮ್ಮನ ಬಟ್ಟೆ ಗಂಟು ಕೊಡಿ. ತಗೊಂಡು ಹೋಗೋಕೆ ಬಂದೆ," ಎಂದ.

ದರ್ಜಿ ಪಿನ್ನುಗಳ ಸಂದಿಯಿಂದಲೇ ಕೇಳಿದ. "ಕೈ ಬಿದ್ದುಹೋಗಿದೆ ಅಂದ್ರಲ್ಲ ಅಜ್ಜಿ. ನೀನೂ ಹೌದು ಅಂದೆ."

"ಅಮ್ಮನ ಕೈ ನೆಟ್ಟಗಿದೆ. ಬಿದ್ದುಹೋಗಿದ್ದು ನನ್ನ ಬಾಯಿ. ಆ ಸಾಮಾನು ಒಡೆದಿದ್ದು ನಾನು. ಒಡೆದು, ಮುಚ್ಚಿಟ್ಟು, ಅಮ್ಮನ ಮೇಲೆ ಬೀಳೋಕೆ ಬಿಟ್ಟೆ."

ಗಿರಾಕಿ ಎತ್ತಿದ ಕೈಯನ್ನು ಎತ್ತಿಕೊಂಡೇ ಇವನ ಕಡೆ ತಿರುಗಿದ. ದರ್ಜಿ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದ. ಚುಚ್ಚಿ ಮುಗಿಸಿ ಕಿವಿಗೆ ಕೈ ಹಚ್ಚಿದ.

"ಇನ್ನೊಂದು ಸಲ ಹೇಳು. ಮೆಷಿನ್ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

ಮೆಷಿನ್ನಿನ ಮೇಲೆ ಹೊದಿಕೆ ಮುಚ್ಚಿತ್ತು. ನಲ್ಲಿಯಪ್ಪ ಅದನ್ನು ನೋಡಿದ, ದರ್ಜಿಯ ಮುಖ ನೋಡಿದ. ಆಮೇಲೆ ಅದೇ ಮಾತನ್ನು ಮೊದಲಿನಿಂದ ಹೇಳಿದ, ಈ ಸಲ ಷಟರಿನಾಚೆ ಬೀದಿಗೂ ಕೇಳಿಸುವ ಹಾಗೆ. ದರ್ಜಿ ತಲೆಯಾಡಿಸಿ, ಮೂಲೆಯಿಂದ ಗಂಟನ್ನು ಎತ್ತಿ ಅವನ ಹೆಗಲಿಗೆ ಹೊರಿಸಿದ.